ಮಲ್ಲಿಗೆ ಮುಡಿಯದ ಸೊಸೆ

"ಮೇಡಂ, ಇವಳು ಹೂವೇ ಮುಡಿಯುವುದಿಲ್ಲ. ಅದೇ ನಮಗೆ ಚಿಂತೆ."

ನನ್ನ ಹತ್ತಿರ ಆಪ್ತಸಲಹೆಗೆ ಬಂದ ಮೊದಲ ದಿನ ಅತ್ತೆ ಹೇಳಿದ ದೂರು ಇಷ್ಟೇ. ಉಡುಪಿಯಲ್ಲಿ ಇದು ಸಣ್ಣ ಮಾತಲ್ಲ. ಮದುವೆಗೆ ಹೊರಟರೆ ಹೆಂಗಸರ ತಲೆಯಲ್ಲಿ ಶಂಕರಪುರ ಮಲ್ಲಿಗೆ ಇರಲೇಬೇಕು. ನೆಂಟರ ಮದುವೆಯಲ್ಲಿ ಕೈಗೆ ಕೊಟ್ಟ ಹೂವನ್ನು ಸೊಸೆ ಕುರ್ಚಿಯ ಮೇಲೆ ಇಟ್ಟು ಹಾಲ್‌ನಿಂದ ಹೊರಗೆ ಹೋಗಿದ್ದಳು. ಜನ ಏನೇನೋ ಆಡಿಕೊಂಡರು.

ಶ್ವೇತಾಗೆ 27 ವರ್ಷ. ಗಂಡ ಪ್ರವೀಣ ಸೊಸೈಟಿಯೊಂದರಲ್ಲಿ ಕ್ಯಾಷಿಯರ್. ಆಕೆಯ ಸೋದರಮಾವನ ಮಗ. (ಹೆಸರು, ಕೆಲಸ, ಗುರುತು ಎಲ್ಲ ಬದಲಿಸಿದ್ದೇನೆ. ಬರೆಯಲು ಮನೆಯವರು ಒಪ್ಪಿದ್ದಾರೆ.) ಅವರ ಗಂಡುಮಗು ಹುಟ್ಟಿದ ಏಳನೇ ತಿಂಗಳಲ್ಲಿ ತೀರಿಕೊಂಡು ಆಗ ಐದು ತಿಂಗಳಾಗಿತ್ತು. ಆ ಮಗುವಿನ ಹೆಸರು ಬದಲಿಸಲು ನನಗೆ ಮನಸ್ಸು ಬರಲಿಲ್ಲ. ಅದಕ್ಕೇ ಬರೆಯುತ್ತಿಲ್ಲ.

ಕಾಯಿಲೆ ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ, ಟೈಪ್ 1. ಎಸ್‌ಎಂಎ ಅನ್ನುತ್ತಾರೆ. ಸ್ನಾಯುಗಳನ್ನು ಆಡಿಸುವ ಬೆನ್ನುಹುರಿಯ ನರಕೋಶಗಳು ಒಂದೊಂದಾಗಿ ಸಾಯುತ್ತಾ ಹೋಗುತ್ತವೆ. ಕುತ್ತಿಗೆ ನಿಲ್ಲುವುದಿಲ್ಲ, ಕಾಲು ಒದೆಯುವುದಿಲ್ಲ, ಅಳುವ ದನಿ ಸಣ್ಣದಾಗುತ್ತದೆ. ಆಮೇಲೆ ನುಂಗಲು ಕಷ್ಟ, ಉಸಿರಿಗೂ ಕಷ್ಟ. ಬುದ್ಧಿಗೆ ಮಾತ್ರ ಏನೂ ಆಗುವುದಿಲ್ಲ. ಮಗು ಕಣ್ಣರಳಿಸಿ ಎಲ್ಲರನ್ನೂ ನೋಡುತ್ತದೆ, ನಗುತ್ತದೆ. ಚಿಕಿತ್ಸೆ ಸಿಗದಿದ್ದರೆ ಇಂಥ ಹೆಚ್ಚಿನ ಮಕ್ಕಳು ಎರಡು ವರ್ಷ ದಾಟುವುದಿಲ್ಲ.

ಎರಡನೇ ಸಲ ಶ್ವೇತಾಳನ್ನು ಒಬ್ಬಳನ್ನೇ ಕೂರಿಸಿಕೊಂಡೆ. ಹೂವಿನ ಮಾತು ಎತ್ತಲಿಲ್ಲ. ಮಗುವಿಗೆ ಹಾಲು ಹೇಗೆ ಕೊಡುತ್ತಿದ್ದಿರಿ ಅಂತ ಕೇಳಿದೆ. ಆಕೆ ನೆಟ್ಟಗೆ ಕೂತಳು. ಎದೆಹಾಲನ್ನು ಪಂಪ್‌ನಲ್ಲಿ ತೆಗೆಯುವುದು. ಮೂಗಿನ ನಳಿಗೆಗೆ ಸಿರಿಂಜ್ ಸಿಕ್ಕಿಸಿ ಅದರಲ್ಲಿ ಹಾಲು ಹಾಕಿ ಎತ್ತಿ ಹಿಡಿಯುವುದು. ಒತ್ತಬಾರದು, ಹಾಲು ತಾನಾಗಿಯೇ ಇಳಿಯಬೇಕು. ಎತ್ತರ ಜಾಸ್ತಿಯಾದರೆ ಬೇಗ ಇಳಿದು ವಾಂತಿ ಆಗುತ್ತದೆ. "ಇಷ್ಟು ಎತ್ತರ ಮೇಡಂ" ಅಂತ ಬಲಗೈ ಎತ್ತಿ ತೋರಿಸಿದಳು. ಮಾತು ಮುಗಿದ ಮೇಲೂ ಆ ಕೈ ಕೆಳಗೆ ಬರಲಿಲ್ಲ. ನಾನು ಸುಮ್ನೆ ಕೂತೆ.

ಆಮೇಲೆ ಆಕೆಯೇ ಹೇಳಿದಳು. ಮಗುವನ್ನು ಮಣ್ಣು ಮಾಡಿ ಬಂದ ರಾತ್ರಿಯೂ ಹಾಲು ಬಂತು. ರವಿಕೆ ಒದ್ದೆ, ಎದೆ ಕಲ್ಲಿನ ಹಾಗೆ. ಮರುದಿನ ಅತ್ತೆ ಮಲ್ಲಿಗೆ ತಂದು ಎದೆಗೆ ಕಟ್ಟಿದರು. ಹಾಲು ಬತ್ತಲಿ ಅಂತ. ಇದು ನಮ್ಮಲ್ಲಿ ಹಿಂದಿನಿಂದ ಬಂದ ಮದ್ದು, ಅತ್ತೆ ಪ್ರೀತಿಯಿಂದಲೇ ಮಾಡಿದ್ದರು. ಕೆಲವು ದಿನದಲ್ಲಿ ಹಾಲು ನಿಂತಿತು. "ಅವನದ್ದು ಅಂತ ನನ್ನ ಮೈಯಲ್ಲಿ ಉಳಿದಿದ್ದದ್ದು ಅದೊಂದೇ. ಮಲ್ಲಿಗೆ ವಾಸನೆ ಬಂದರೆ ಈಗಲೂ ಎದೆ ಬಿಗಿಯುತ್ತದೆ."

ಅಷ್ಟರೊಳಗೆ ತೊಟ್ಟಿಲು ಅಟ್ಟಕ್ಕೆ ಹೋಗಿತ್ತು. ಬಟ್ಟೆಗಳನ್ನು ಯಾರಿಗೋ ಕೊಟ್ಟಾಗಿತ್ತು. ಮನೆಯಲ್ಲಿ ಯಾರೂ ಮಗುವಿನ ಹೆಸರು ಎತ್ತುತ್ತಿರಲಿಲ್ಲ. ಎತ್ತಿದರೆ ಅವಳು ಅಳುತ್ತಾಳೆ ಅಂತ.

ಪ್ರವೀಣ ಬಂದವನು ನೇರ ಹಣದ ಮಾತಿಗೆ ಇಳಿದ. ಈ ಕಾಯಿಲೆಗೆ ಒಂದೇ ಸಲ ಕೊಡುವ ಜೀನ್ ಚಿಕಿತ್ಸೆ ಇದೆ. 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು, ಬೆಲೆ ಸುಮಾರು 16 ಕೋಟಿ ಅಂತ ಪೇಪರಿನಲ್ಲೆಲ್ಲ ಬಂದಿತ್ತು. ದಿನಾ ಬಾಯಿಯಿಂದ ಕೊಡುವ ಔಷಧಿಯೂ ಇದೆ, ಅದೂ ತುಂಬಾ ದುಬಾರಿ. ಅಪರೂಪದ ಕಾಯಿಲೆಗಳ 2021ರ ರಾಷ್ಟ್ರೀಯ ನೀತಿಯಡಿ 50 ಲಕ್ಷದವರೆಗೆ ನೆರವಿಗೆ ಅವಕಾಶ ಇದೆ. ಆತ ಬೆಂಗಳೂರಿಗೆ ಹೋಗಿ ಕಾಗದಪತ್ರ ಮಾಡಿಸುತ್ತಿದ್ದ. ಅಷ್ಟರಲ್ಲಿ ಮಗುವಿಗೆ ಕಫ ಕಟ್ಟಿತು, ನ್ಯುಮೋನಿಯಾ ಆಯಿತು. "ದಿನವಿಡೀ ಬೇರೆಯವರ ನೋಟು ಎಣಿಸುತ್ತೇನೆ ಮೇಡಂ. ಎಣಿಸುವಾಗ 16 ಕೋಟಿ ಅಂದರೆ ಎಷ್ಟು ಕಟ್ಟು ಅಂತ ಲೆಕ್ಕ ಬರುತ್ತದೆ." ಹೆಂಡತಿ ಹತ್ತಿರ ಇದನ್ನು ಹೇಳಿಲ್ಲವಾ ಅಂದೆ. ಇಲ್ಲ ಅಂದ. ಗಂಡ ಕಲ್ಲಾಗಿದ್ದಾನೆ ಅಂತ ಆಕೆ ತಿಳಿದಿದ್ದಳು. ಆಕೆ ತನ್ನನ್ನು ಕೈಲಾಗದವನು ಅಂದುಕೊಂಡಿದ್ದಾಳೆ ಅಂತ ಇವನು ತಿಳಿದಿದ್ದ.

ಅವರಿಬ್ಬರಿಗೂ ನಾನು ಹೇಳಿದ್ದು: ವಾರಕ್ಕೊಂದು ಸಂಜೆ ಅರ್ಧ ಗಂಟೆ ಒಟ್ಟಿಗೆ ಕೂತು ಮಗುವಿನ ವಿಡಿಯೋ ನೋಡಿ. ಪ್ರವೀಣನ ಫೋನಿನಲ್ಲಿ ಲಾಕ್ ಹಾಕಿ ಇಟ್ಟಿದ್ದ ನೂರಾರು ವಿಡಿಯೋ ಇದ್ದವು. ಸಮಾಧಾನ ಮಾಡಬೇಕಾಗಿಲ್ಲ. ಒಬ್ಬರು ಅತ್ತರೆ ಇನ್ನೊಬ್ಬರು ಪಕ್ಕದಲ್ಲಿ ಇದ್ದರೆ ಸಾಕು. ಹೆಸರು ಹಿಡಿದು ಮಾತಾಡಿ. ನಿದ್ದೆ, ಊಟ ವಾರಗಟ್ಟಲೆ ಬಿಟ್ಟುಹೋದರೆ, ಸಾಯುವ ಯೋಚನೆ ಬಂದರೆ ಕಾಯಬೇಡಿ, ಮನೋವೈದ್ಯರ ಹತ್ತಿರ ಹೋಗಿ. ರಾತ್ರಿ ಹೊತ್ತಾದರೆ 14416ಕ್ಕೆ ಫೋನ್ ಮಾಡಿ. ಅದು ಸರಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ.

ಅತ್ತೆಗೆ ಹೂವಿನ ಕಾರಣ ಹೇಳುವುದು ನನಗೆ ಕಷ್ಟವಾಯಿತು. ಶ್ವೇತಾ ಒಪ್ಪಿದ ಮೇಲೆಯೇ ಹೇಳಿದೆ. ಅವರು ಬಹಳ ಹೊತ್ತು ಸೆರಗಿನ ತುದಿ ತಿರುಚುತ್ತಾ ಕೂತರು. "ನಾನೇ ಕಟ್ಟಿದ್ದಲ್ವಾ" ಅಂದರು. ನೀವು ಮಾಡಿದ್ದು ತಪ್ಪಲ್ಲ, ಅವಳ ಜ್ವರ, ನೋವು ಕಡಿಮೆಯಾಗಲಿ ಅಂತ ಮಾಡಿದಿರಿ, ಆದರೆ ಮುಡಿ ಅಂತ ಒತ್ತಾಯ ಮಾಡಬೇಡಿ ಅಂದೆ.

ಇನ್ನೊಂದು ಗಂಟು ಇತ್ತು. ಜ್ಯೋತಿಷಿಯ ಹತ್ತಿರ ಇಟ್ಟ ಪ್ರಶ್ನೆಯಲ್ಲಿ ನಾಗದೋಷ ಕಂಡಿದೆ, ಅದು ಸೊಸೆಯ ತಾಯಿಮನೆ ಕಡೆಯದ್ದು ಅಂತ ಯಾರೋ ಹೇಳಿದ್ದರು. ನಾಗನಿಗೆ ಆಶ್ಲೇಷ ಬಲಿ ಪೂಜೆ ಮಾಡಿಸಿದರೆ ಮನಸ್ಸಿಗೆ ನೆಮ್ಮದಿ ಅನ್ನುವುದಾದರೆ ಮಾಡಿಸಿ, ನಾನು ಬೇಡ ಅನ್ನುವುದಿಲ್ಲ. ಆದರೆ ಒಬ್ಬಳ ತಲೆಗೆ ಕಟ್ಟಬೇಡಿ ಅಂದು ಕಾಗದ ತೆಗೆದು ಚಿತ್ರ ಬರೆದೆ. ಒಂದು ಜೀನ್‌ಗೆ ಎರಡು ಪ್ರತಿ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸುತ್ತದೆ. ಅಂಥವರು ಬರೀ ವಾಹಕರು, ಅವರಿಗೆ ಕಾಯಿಲೆ ಇಲ್ಲ. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. "ನಮ್ಮದು ಬಳಿ ಬೇರೆ ಬೇರೆ ಅಲ್ವಾ, ಸಂಬಂಧ ಹೇಗಾಗುತ್ತದೆ?" ಅಂತ ಮಾವ ಕೇಳಿದರು. ಈ ಪ್ರಶ್ನೆ ನಮ್ಮ ತುಳುನಾಡಿನಲ್ಲಿ ನನಗೆ ತುಂಬಾ ಸಲ ಬಂದಿದೆ. ಬಳಿ ಅಂದರೆ ಗೋತ್ರದ ಹಾಗೆ ಕುಲದ ಗುರುತು, ತಾಯಿಯ ಕಡೆಯಿಂದ ಮಾತ್ರ ಲೆಕ್ಕ. ಜೀನ್ ಎರಡೂ ಕಡೆಯಿಂದ ಬರುತ್ತದೆ. ಮಾವ ಮತ್ತು ಶ್ವೇತಾಳ ತಾಯಿ ಒಡಹುಟ್ಟಿದವರು. ಒಬ್ಬರೇ ಅಜ್ಜಅಜ್ಜಿಯಿಂದ ಇಬ್ಬರಿಗೂ ಬಂದಿರಬಹುದು. ಸಂಬಂಧವೇ ಇಲ್ಲದ ಗಂಡಹೆಂಡತಿಯಲ್ಲೂ ಹೀಗಾಗುತ್ತದೆ, ಸಂಬಂಧದಲ್ಲಿ ಸಾಧ್ಯತೆ ಜಾಸ್ತಿ.

ಮುಂದಿನ ಮಗುವಿನ ಬಗ್ಗೆ ಅವಸರ ಬೇಡ ಅಂದೆ. ಬೇಕು ಅನಿಸಿದಾಗ ಬಸಿರಾಗುವ ಮುಂಚೆಯೇ ಜೆನೆಟಿಕ್ಸ್ ವೈದ್ಯರನ್ನು ನೋಡಿ, ಮಗುವಿನ ಹಳೇ ರಿಪೋರ್ಟ್ ಜೋಪಾನವಾಗಿಡಿ. ಹೊಟ್ಟೆಯಲ್ಲಿರುವ ಮಗುವಿಗೆ ಈ ಕಾಯಿಲೆ ಇದೆಯಾ ಅಂತ 11ರಿಂದ 13 ವಾರದೊಳಗೆ ಮಾಸಿನ ಚೂರು ತೆಗೆದು ನೋಡಬಹುದು, ತಪ್ಪಿದರೆ 16ನೇ ವಾರದ ಹೊತ್ತಿಗೆ ಗರ್ಭದ ನೀರಿನಿಂದ. ಪ್ರವೀಣನ ತಂಗಿಗೆ ಗಂಡು ನೋಡುತ್ತಿದ್ದರು. ಕಾಯಿಲೆಯ ವಿಷಯ ಹೊರಗೆ ಹೋದರೆ ಸಂಬಂಧ ತಪ್ಪುತ್ತದೆ ಅಂತ ಮುಚ್ಚಿಟ್ಟಿದ್ದರು. ಅವಳಿಗೂ ರಕ್ತಪರೀಕ್ಷೆ ಮಾಡಿಸಿ ಅಂತ ಗಟ್ಟಿಯಾಗಿಯೇ ಹೇಳಿದೆ. ಮೂರು ತಿಂಗಳು ಎಳೆದರು. ಕೊನೆಗೆ ಹುಡುಗಿ ತಾನೇ ಹೋಗಿ ಮಾಡಿಸಿಕೊಂಡಳು.

ಆಟಿ ತಿಂಗಳಲ್ಲಿ ಶ್ವೇತಾ ಫೋನ್ ಮಾಡಿದಳು. ಮನೆಯಲ್ಲಿ ಹಿರಿಯರಿಗೆ ಬಡಿಸುವ ದಿನ ಅಜ್ಜಿ, ಅಂದರೆ ಇಬ್ಬರಿಗೂ ಅಜ್ಜಿ, ಕೊನೆಯಲ್ಲಿ ಒಂದು ಸಣ್ಣ ಕುಡಿಎಲೆ ಹಾಕಿದರಂತೆ. "ಅವನೂ ಈ ಮನೆಯವನೇ, ಅಲ್ಲಿಯೂ ಬೆಳೆಯುತ್ತಾನೆ" ಅಂದರಂತೆ. ನಮ್ಮಲ್ಲಿ ಎಳವೆಯಲ್ಲೇ ಹೋದ ಮಕ್ಕಳಿಗೆ ಎಷ್ಟೋ ವರ್ಷದ ಮೇಲೆ ಪ್ರೇತ ಮದುವೆ ಮಾಡಿಸುವುದುಂಟಲ್ಲ, ಆ ನಂಬಿಕೆ ಅಜ್ಜಿಯದ್ದು. ನನ್ನ ಯಾವ ಮಾತೂ ಆಕೆಗೆ ಅಷ್ಟು ನಾಟಿರಲಿಲ್ಲ. ಆದರೆ ಆ ಎಲೆಗೆ ಏನು ಬಡಿಸುವುದು ಅಂತ ಯಾರಿಗೂ ತೋಚಲಿಲ್ಲ, ಅವನು ಅನ್ನ ಉಂಡವನೇ ಅಲ್ಲ. ಶ್ವೇತಾ ಎದ್ದು ಹೋಗಿ ಒಂದು ಲೋಟ ಹಾಲು ತಂದಿಟ್ಟಳು. ಹೆಸರು ಹಿಡಿದು ಕರೆದಳು. ಪ್ರವೀಣ ಎಲ್ಲರೆದುರು ಅತ್ತನಂತೆ.

ಮಲ್ಲಿಗೆ ಇನ್ನೂ ಮುಡಿದಿಲ್ಲ. ಅತ್ತೆ ಈಗ ಪೇಟೆಯಿಂದ ಅಬ್ಬಲಿಗೆ ತರುತ್ತಾರೆ. ಅದಕ್ಕೆ ವಾಸನೆ ಇಲ್ಲ.