ಬಕ್ಸಿನೇಟರ್‌ಗೆ ಫೇಶಿಯಲ್ ನರ ಯಾಕೆ?

ಕೆನ್ನೆಯ ಸ್ನಾಯು ಬಕ್ಸಿನೇಟರ್ ಅಗಿಯಲು ನೆರವಾದರೂ ಅದಕ್ಕೆ ಅಗಿಯುವ ಸ್ನಾಯುಗಳ ನರವಾದ ಟ್ರೈಜೆಮಿನಲ್ ಬದಲು ಮುಖಭಾವದ ಸ್ನಾಯುಗಳ ನರವಾದ ಫೇಶಿಯಲ್ ಯಾಕೆ ಎಂಬ ನಿಮ್ಮ ಗೊಂದಲ ಬಹುಶಃ ಹೆಸರಿನಿಂದ ಬಂದದ್ದು. ಬಕಲ್ ಎಂಬ ನರ ಎರಡಿವೆ. ಟ್ರೈಜೆಮಿನಲ್‌ನ ಭಾಗವಾದ ಮ್ಯಾಂಡಿಬ್ಯುಲರ್ ನರದ ಬಕಲ್ ಕವಲು ಈ ಸ್ನಾಯುವನ್ನು ತೂರಿ ಹೋಗುತ್ತದೆ ಅಷ್ಟೇ. ಅದು ಒಯ್ಯುವುದು ಕೆನ್ನೆಯ ಸ್ಪರ್ಶ. ಸ್ನಾಯುವನ್ನು ಅಲುಗಿಸುವುದು ಫೇಶಿಯಲ್‌ನ ಬಕಲ್ ಕವಲು.

ಕಾರಣಕ್ಕೆ ಮೊದಲು ಭ್ರೂಣದ ಫ್ಯಾರಿಂಜಿಯಲ್ ಕಮಾನು ನೋಡಿ, ಅಂದರೆ ಮುಖ, ಕತ್ತಿನ ಸ್ನಾಯುಗಳು ಮೂಡುವ ಪಟ್ಟಿಗಳು; ಪ್ರತಿ ಕಮಾನಿಗೂ ತನ್ನದೇ ನರ. ಅಗಿಯುವ ಸ್ನಾಯುಗಳಾದ ಮ್ಯಾಸಿಟರ್, ಟೆಂಪೊರಾಲಿಸ್, ಎರಡು ಟೆರಿಗಾಯ್ಡ್‌ಗಳು 1ನೇ ಕಮಾನಿನವು, ನಾಲ್ಕಕ್ಕೂ ಮ್ಯಾಂಡಿಬ್ಯುಲರ್ ನರ. ಬಕ್ಸಿನೇಟರ್ 2ನೇ ಕಮಾನಿನದು, ಅದಕ್ಕೇ ಫೇಶಿಯಲ್.

ಆಮೇಲೆ ಹಲ್ಲು ಕಚ್ಚಿ ಕಣತಲೆ, ದವಡೆಯ ಮೂಲೆ ಮುಟ್ಟಿ. ಗಟ್ಟಿಯಾಗುವುದು ಟೆಂಪೊರಾಲಿಸ್, ಮ್ಯಾಸಿಟರ್. ಕೊನೆಗೆ ಕೆನ್ನೆಯನ್ನು ಹಲ್ಲಿಗೆ ಒತ್ತಿ ಹಿಡಿಯಿರಿ, ಅದು ಬಕ್ಸಿನೇಟರ್. ಮುಖದ ಪಾರ್ಶ್ವವಾಯುವಿನಲ್ಲಿ ಕಚ್ಚುವ ಬಲ ಉಳಿದರೂ ಆಹಾರ ಕೆನ್ನೆಯಲ್ಲೇ ನಿಲ್ಲುವುದು ಇದಕ್ಕೇ ಅಲ್ವಾ?