ಗಾಂಧೀಜಿ ಚಿತ್ರ ಇದ್ದ ಮಾತ್ರಕ್ಕೆ ಅದು ಜಂಟಿ ಅಂಚೆಚೀಟಿ ಆಗುವುದಿಲ್ಲ

ಪ್ರಶ್ನೆ: ಗಾಂಧೀಜಿಯ 150ನೇ ಜಯಂತಿಗೆ ಹಲವು ದೇಶಗಳು ಸೇರಿ ಹೊರಡಿಸಿದ ‘ಜಂಟಿ ಬಿಡುಗಡೆ’ಯ ಪೂರ್ತಿ ಸೆಟ್ ಕೊಡುತ್ತೇನೆ ಎಂದು ಒಬ್ಬರು ಹೇಳುತ್ತಿದ್ದಾರೆ. ಕೊಳ್ಳಬಹುದೇ? ನನ್ನ ಬಳಿ ಭಾರತ–ಇಸ್ರೇಲ್, ಭಾರತ–ಕೆನಡಾ ಬಿಡುಗಡೆಗಳ ಭಾರತದ ಚೀಟಿಗಳಷ್ಟೇ ಇವೆ. ಉಳಿದರ್ಧ ಹೊಂದಿಸುವುದು ಹೇಗೆ?

ಉತ್ತರ: ಆ ಸೆಟ್ ಕೊಳ್ಳಬೇಡಿ. 2019ರಿಂದ ಈ ಪ್ರಶ್ನೆ ಬರುತ್ತಲೇ ಇದೆ, ಮಾರುವವರು ಅದೇ ಸುಳ್ಳನ್ನು ಹೇಳುತ್ತಲೇ ಇದ್ದಾರೆ. ಗಾಂಧೀಜಿಯ 150ನೇ ಜಯಂತಿಗೆ ಅನೇಕ ದೇಶಗಳು ಚೀಟಿ ತಂದದ್ದು ನಿಜ. ಆದರೆ ಒಂದೊಂದು ದೇಶವೂ ತನ್ನಷ್ಟಕ್ಕೆ ತಾನೇ ವಿನ್ಯಾಸ ಮಾಡಿಸಿಕೊಂಡಿತು, ತನಗೆ ಬೇಕಾದ ದಿನ ಬಿಡುಗಡೆ ಮಾಡಿತು. ಅವುಗಳನ್ನು ‘ಗಾಂಧಿ’ ಎಂಬ ವಿಷಯದಡಿ ಧಾರಾಳವಾಗಿ ಕೂಡಿಡಿ. ‘ಜಂಟಿ’ ಎಂಬ ಒಂದು ಪದಕ್ಕೆ ಮಾತ್ರ ಹೆಚ್ಚಿನ ದುಡ್ಡು ಕೊಡಬೇಡಿ.

ಎರಡು ಅಥವಾ ಹೆಚ್ಚು ದೇಶಗಳ ಅಂಚೆ ಇಲಾಖೆಗಳು ಮೊದಲೇ ಒಪ್ಪಂದ ಮಾಡಿಕೊಂಡು, ಒಂದೇ ವಿಷಯಕ್ಕೆ ಒಂದೇ ಅಥವಾ ಒಂದಕ್ಕೊಂದು ಹೊಂದುವ ವಿನ್ಯಾಸದಲ್ಲಿ ತಂದರೆ ಮಾತ್ರ ಅದು ಜಂಟಿ ಬಿಡುಗಡೆ. ದಿನಾಂಕವೂ ಸಾಮಾನ್ಯವಾಗಿ ಒಂದೇ ಇರುತ್ತದೆ. 1959ರ ಜೂನ್ 26ರಂದು ಸೇಂಟ್ ಲಾರೆನ್ಸ್ ಜಲಮಾರ್ಗಕ್ಕಾಗಿ ಅಮೆರಿಕ ಮತ್ತು ಕೆನಡಾ ಒಂದೇ ಚಿತ್ರದ ಚೀಟಿ ಹೊರಡಿಸಿದವು. 1975ರಲ್ಲಿ ಅಪೊಲೊ–ಸೊಯುಜ್ ಜಂಟಿ ಬಾಹ್ಯಾಕಾಶ ಹಾರಾಟಕ್ಕೆ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಎರಡೂ ಅವೇ ಎರಡು ವಿನ್ಯಾಸಗಳನ್ನು ಮುದ್ರಿಸಿದವು. ನಮ್ಮಲ್ಲಿ 2003ರ ಭಾರತ–ಫ್ರಾನ್ಸ್ ಚೀಟಿಗಳಲ್ಲಿ ಹುಂಜ ಮತ್ತು ನವಿಲು ಇವೆ, ಅದೇ ವರ್ಷದ ಭಾರತ–ಕೊರಿಯಾ ಚೀಟಿಗಳಲ್ಲಿ ಜೈಪುರದ ಜಂತರ್ ಮಂತರ್ ಮತ್ತು ಚೊಮ್‌ಸಂಗ್‌ಡೆ ವೀಕ್ಷಣಾಲಯ. 2004ರ ಭಾರತ–ಇರಾನ್ ಜೋಡಿಯಲ್ಲಿ ಕಬೀರ ಮತ್ತು ಪರ್ಷಿಯಾದ ಕವಿ ಹಾಫಿಜ್ ಇದ್ದಾರೆ. ಈ ಜೋಡಿಗಳನ್ನು ಕಣ್ಣಾರೆ ನೋಡಿದವರಿಗೆ ಗಾಂಧಿ ಸೆಟ್ಟಿನಲ್ಲಿ ಯಾವುದರ ಕೊರತೆ ಇದೆ ಎಂಬುದು ಹೇಳದೆಯೇ ತಿಳಿಯುತ್ತದೆ.

1935ರ ಐದನೇ ಜಾರ್ಜ್ ರಜತೋತ್ಸವದ ವಸಾಹತು ಚೀಟಿಗಳನ್ನೂ ‘ಜಂಟಿ’ ಎಂದು ಮಾರುತ್ತಾರೆ. ಅದು ಒಂದೇ ಸಾಮ್ರಾಜ್ಯದ ಸರಣಿ, ಅದಕ್ಕೆ ಆಮ್ನಿಬಸ್ ಎನ್ನುತ್ತಾರೆ. 1956ರಲ್ಲಿ ಆರು ದೇಶಗಳು ಒಂದೇ ಚಿತ್ರದೊಂದಿಗೆ ಆರಂಭಿಸಿದ ಯುರೋಪಾ ಸರಣಿ ಜಂಟಿಯೇ ಅಲ್ಲವೇ ಎಂಬ ಬಗ್ಗೆ ಸಂಗ್ರಾಹಕರಲ್ಲಿ ಒಮ್ಮತವಿಲ್ಲ. ಅದಕ್ಕೆ ಬೇರೆ ಆಲ್ಬಮ್ ಇಡುವುದೇ ಲೇಸು ಎಂಬುದು ನನ್ನ ನಿಲುವು.

ಪರೀಕ್ಷೆ ಹೀಗೆ ಮಾಡಿ. ಮೊದಲು ಭಾರತದ ಚೀಟಿಯ ಜೊತೆ ಬರುವ ಮಾಹಿತಿ ಪತ್ರ ತೆಗೆಯಿರಿ. ಜಂಟಿ ಬಿಡುಗಡೆಯಾದರೆ ಅದರಲ್ಲೇ ಹೇಳಿರುತ್ತಾರೆ, ಬಿಡುಗಡೆಯ ದಿನ, ಮುದ್ರಣ ಸಂಖ್ಯೆ, ಮುದ್ರಣಾಲಯವೂ ಅಲ್ಲೇ ಸಿಗುತ್ತವೆ. ಆಮೇಲೆ ಇನ್ನೊಂದು ದೇಶದ ಅಂಚೆ ಪ್ರಕಟಣೆಯಲ್ಲೂ ಭಾರತದ ಹೆಸರಿದೆಯೇ ನೋಡಿ. ಎರಡೂ ಕಡೆ ಹೇಳಿಕೆ ಹೊಂದಿದರೆ ಮಾತ್ರ ನಂಬಿ. 2002ರ ನಂತರದ ಚೀಟಿಗಳಿಗೆ ವಿಶ್ವ ಅಂಚೆ ಒಕ್ಕೂಟದ ಡಬ್ಲ್ಯುಎನ್‌ಎಸ್ ಸಂಖ್ಯೆಯೂ (ಅಧಿಕೃತ ಚೀಟಿಗಳ ನೋಂದಣಿ ಸಂಖ್ಯೆ) ನೆರವಾಗುತ್ತದೆ. ಎಲ್ಲ ದೇಶಗಳೂ ಅದರಲ್ಲಿ ನೋಂದಾಯಿಸುವುದಿಲ್ಲವಾದ್ದರಿಂದ ಸಂಖ್ಯೆ ಇಲ್ಲದ್ದೆಲ್ಲ ನಕಲಿಯಲ್ಲ. ಆದರೆ ಜಾರ್ಜಿಯಾದಿಂದ ಬೇರ್ಪಟ್ಟ ಅಬ್ಖಾಜಿಯಾದಂಥ ಪ್ರದೇಶಗಳ ಹೆಸರಿನ ಬಣ್ಣಬಣ್ಣದ ಹಾಳೆಗಳು ಬಂದರೆ ಮುಟ್ಟಲೂ ಬೇಡಿ, ಅಂಥ ಅಕ್ರಮ ಚೀಟಿಗಳ ಬಗ್ಗೆ ಒಕ್ಕೂಟವೇ ಸುತ್ತೋಲೆ ಹೊರಡಿಸಿದೆ.

ಇನ್ನು ಜೋಡಿ ಹೊಂದಿಸುವ ಮಾತು. ಬಳಸದ ಚೀಟಿಗೆ ಬಳಸದ ಚೀಟಿ, ಪ್ರಥಮ ದಿನದ ಲಕೋಟೆಗೆ (ಬಿಡುಗಡೆಯ ದಿನವೇ ಮುದ್ರೆ ಬಿದ್ದದ್ದು) ಪ್ರಥಮ ದಿನದ ಲಕೋಟೆ. ಒಂದು ಕಡೆ ಮುದ್ರೆ ಬಿದ್ದದ್ದು, ಇನ್ನೊಂದು ಕಡೆ ಹೊಸದು ಇಟ್ಟರೆ ಅದು ಜೋಡಿಯೇ ಅಲ್ಲ. ಇಸ್ರೇಲಿನದನ್ನು (2012, ದೀಪಾವಳಿ ಮತ್ತು ಹನುಕ್ಕಾ) ಕೊಳ್ಳುವಾಗ ಕೆಳಗಿನ ‘ಟ್ಯಾಬ್’ ಸಮೇತ ಕೇಳಿ. ಹಾಳೆಯ ಅಂಚಿನ ಆ ಪಟ್ಟಿಯಲ್ಲಿ ಚೀಟಿಯ ವಿವರಣೆ ಇರುತ್ತದೆ, ಅದಿಲ್ಲದ ಚೀಟಿಯನ್ನು ಇಸ್ರೇಲಿನ ಸಂಗ್ರಾಹಕರು ಅರೆಬರೆ ಎಂದೇ ಎಣಿಸುತ್ತಾರೆ. ಕೆನಡಾದ 2017ರ ದೀಪಾವಳಿ ಚೀಟಿ ಬುಕ್‌ಲೆಟ್‌ನದಾದರೆ ಅದು ತಾನೇ ಅಂಟುವ ಬಗೆಯದು, ಹಿಂಬದಿ ಕಾಗದದಿಂದ ಬಿಡಿಸಬೇಡಿ, ಬಿಡಿಸಿದ ಗಳಿಗೆಗೇ ಅದು ಹೊಸ ಚೀಟಿಯಾಗಿ ಉಳಿಯುವುದಿಲ್ಲ. ಒಂದಕ್ಕೊಂದು ಅಂಟಿ ಮುದ್ರಣವಾದ ಎರಡು ವಿನ್ಯಾಸಗಳನ್ನು ರಂಧ್ರದ ಸಾಲಿನಲ್ಲಿ ಹರಿಯಲೂಬಾರದು.

ಎರಡೂ ದೇಶಗಳ ಚೀಟಿ ಇರುವ ಒಂದೇ ಲಕೋಟೆಯನ್ನು ಕೊಳ್ಳುವ ಮುನ್ನ ಮುದ್ರೆಗಳನ್ನು ಭೂತಗನ್ನಡಿಯಲ್ಲಿ ನೋಡಿ. ಭಾರತದ ಮುದ್ರೆ ಭಾರತದ ಚೀಟಿಯ ಮೇಲೆ, ಆ ದೇಶದ ಮುದ್ರೆ ಆ ದೇಶದ ಚೀಟಿಯ ಮೇಲೆ ಇರಬೇಕು. ಒಂದೇ ಮುದ್ರೆ ಎರಡರ ಮೇಲೂ ಹರಡಿದ್ದರೆ ಯಾರೋ ಮನೆಯಲ್ಲಿ ವಿದೇಶಿ ಚೀಟಿ ಅಂಟಿಸಿ ಮುದ್ರೆ ಹಾಕಿಸಿದ್ದಾರೆ ಎಂದರ್ಥ. ನಮ್ಮ ಅಂಚೆಗೆ ಪರದೇಶದ ಚೀಟಿಯನ್ನು ರದ್ದು ಮಾಡುವ ಅಧಿಕಾರವಿಲ್ಲ.

ವಿದೇಶಿ ಅರ್ಧವನ್ನು ಆಯಾ ದೇಶದ ಅಂಚೆಯ ಫಿಲಾಟೆಲಿ (ಅಂಚೆಚೀಟಿ ಸಂಗ್ರಹ) ವಿಭಾಗದಲ್ಲಿ ಮುಖಬೆಲೆಗೆ ಕೊಳ್ಳಿ. ಅಲ್ಲಿ ಮುಗಿದಿದ್ದರೆ ಆ ದೇಶದ ಸಂಗ್ರಾಹಕರೊಬ್ಬರಿಗೆ ಭಾರತದ ಚೀಟಿ ಕೊಟ್ಟು ವಿನಿಮಯ ಮಾಡಿಕೊಳ್ಳಿ, ಅವರಿಗೂ ಬೇಕಾದದ್ದು ಅದೇ. ಇದಕ್ಕಾಗಿ ಭಾರತದ ಹೊಸ ಜಂಟಿ ಬಿಡುಗಡೆ ಬಂದಾಗಲೇ ಎರಡು ಮೂರು ಪ್ರತಿ ಹೆಚ್ಚು ತೆಗೆದಿಡಿ. ಬೆಂಗಳೂರು ಜಿಪಿಒದ ಫಿಲಾಟೆಲಿಕ್ ಬ್ಯೂರೋದಲ್ಲಿ ಠೇವಣಿ ಖಾತೆ ತೆರೆದರೆ ಹೊಸ ಚೀಟಿಗಳು ಮನೆಗೇ ಬರುತ್ತವೆ. ವಿನಿಮಯದ ಚೀಟಿ ಕಳಿಸುವಾಗ ಗ್ಲಾಸಿನ್ ಎಂಬ ನುಣುಪಾದ ತೆಳು ಕಾಗದದ ಕವರಿನಲ್ಲಿಟ್ಟು, ಎರಡು ಗಟ್ಟಿ ರಟ್ಟಿನ ನಡುವೆ ಭದ್ರಪಡಿಸಿ ಟ್ರ್ಯಾಕಿಂಗ್ ಇರುವ ಅಂಚೆಯಲ್ಲಿ ಕಳಿಸಿ.

ಪ್ರಶ್ನೆ: ಮಂಗಳೂರಿನ ಮಳೆಗಾಲಕ್ಕೆ ಹೆದರಿ ಲ್ಯಾಮಿನೇಟ್ ಮಾಡಿಸಲೇ?

ಉತ್ತರ: ಬೇಡವೇ ಬೇಡ. ಲ್ಯಾಮಿನೇಟ್ ಆದ ಚೀಟಿ ಸತ್ತಂತೆ. ಪಿವಿಸಿ ಕವರೂ ಬೇಡ. ಆಲ್ಬಮ್ ಮಲಗಿಸದೆ ನಿಲ್ಲಿಸಿ, ಕಪಾಟಿನಲ್ಲಿ ಸಿಲಿಕಾ ಜೆಲ್ ಇಟ್ಟು ಆಗಾಗ ಬಿಸಿ ಮಾಡಿ ಒಣಗಿಸಿ, ವಾರಕ್ಕೊಮ್ಮೆ ಹಾಳೆ ತಿರುವಿ ಗಾಳಿ ಆಡಿಸಿ.

ಪ್ರಶ್ನೆ: ಹತ್ತು ವರ್ಷದಲ್ಲಿ ಬೆಲೆ ಎಷ್ಟಾಗುತ್ತದೆ?

ಉತ್ತರ: ಲಾಭ ಬೇಕಿದ್ದರೆ ಅಂಚೆ ಕಚೇರಿಯ ಪಕ್ಕದ ಕೌಂಟರಿನಲ್ಲಿ ಉಳಿತಾಯ ಪತ್ರ ಕೊಳ್ಳಿ.

ಪ್ರಶ್ನೆ: ಸೇಂಟ್ ಲಾರೆನ್ಸ್ ಚೀಟಿಯ ನಡುಚಿತ್ರ ತಲೆಕೆಳಗಾಗಿದೆ ಎಂದು ಮಾರುತ್ತಿದ್ದಾರೆ. ಅಸಲಿಯೇ?

ಉತ್ತರ: ಅಮೆರಿಕದ 4 ಸೆಂಟಿನದಾದರೆ ನಕಲಿ, ಆ ದೋಷ ಕೆನಡಾದ 5 ಸೆಂಟಿನಲ್ಲಿ ಮಾತ್ರ ಕಂಡುಬಂದಿದೆ. ಕೆನಡಾದ್ದಾದರೂ ಪರಿಣತರ ಪ್ರಮಾಣಪತ್ರ ಇಲ್ಲದೆ ಕೈ ಹಾಕಬೇಡಿ. ನಡುಚಿತ್ರವನ್ನು ಕತ್ತರಿಸಿ ತಿರುಗಿಸಿ ಅಂಟಿಸುವ ಕಳ್ಳರಿದ್ದಾರೆ, ಚೀಟಿಯನ್ನು ಬೆಳಕಿಗೆ ಹಿಡಿದು ನಡುಚಿತ್ರದ ಸುತ್ತ ಕತ್ತರಿಯ ಗೆರೆ ಇದೆಯೇ ಹುಡುಕಿ.