ಆಲೂರು ವೆಂಕಟರಾಯರ ಸಹಿ ಇರುವ ಹಳೇ ಅಂಚೆ ಕಾರ್ಡ್ ಧಾರವಾಡದ ಮನೆಯಲ್ಲಿ ಸಿಕ್ಕಿದೆ, ಮಾರಬಹುದೇ?

ಮಾರಬಹುದು, ಆದರೆ ಮೊದಲು ಅಸಲಿ ಹೌದೋ ಅಲ್ಲವೋ ನೋಡಿ. ರಾಯರು ತೀರಿಕೊಂಡದ್ದು 1964ರಲ್ಲಿ. ಕಾರ್ಡಿನ ಮೇಲೆ ಪಿನ್‌ಕೋಡ್ ಚೌಕಗಳಿದ್ದರೆ ಮುಂದೆ ನೋಡುವುದೇ ಬೇಡ, ಪಿನ್ ಬಂದದ್ದೇ 1972ರಲ್ಲಿ. ಬೆಲೆ ನಯಾ ಪೈಸೆಯಲ್ಲಿದ್ದು ತಾರೀಖು 1957ಕ್ಕಿಂತ ಹಿಂದಿನದಾದರೂ ಅದೇ ಮಾತು. ಮಡಿಕೆ ಇದ್ದರೆ ಭೂತಗನ್ನಡಿ ಹಿಡಿಯಿರಿ: ಸಹಿಯ ಶಾಯಿ ಬಿರುಕಿನೊಳಗೆ ಹರಡಿದ್ದರೆ, ಕಾಗದ ಮಡಚಿ ಹಳತಾದ ಮೇಲೆ ಯಾರೋ ಗೀಚಿದ್ದಾರೆ.

ಲ್ಯಾಮಿನೇಶನ್ ಮಾತ್ರ ಮಾಡಿಸಬೇಡಿ. ಬಿಸಿ ಅಂಟು ಕಾಗದಕ್ಕೆ ಇಳಿದರೆ ಬಿಡಿಸಲು ಬರುವುದಿಲ್ಲ, ಬೆಲೆಯೂ ಹೋದಂತೆ. ಬರೀ ಆಶೀರ್ವಾದದ ಎರಡು ಸಾಲಿಗಿಂತ ಏಕೀಕರಣದ ವಿಚಾರವಿರುವ ಪತ್ರಕ್ಕೇ ಗಿರಾಕಿ ಹೆಚ್ಚು. 75 ವರ್ಷ ದಾಟಿದ ಐತಿಹಾಸಿಕ ಪತ್ರ 1972ರ ಪುರಾವಸ್ತು ಕಾಯ್ದೆಯೊಳಗೆ ಬರುತ್ತದೆ. ಹೊರದೇಶದವರು ಎಷ್ಟೇ ಕೊಡುತ್ತೇನೆಂದರೂ ಕಳಿಸಬೇಡಿ.